ಅಕ್ಕನ ದಾರದಲ್ಲಿ ಒಂದು ಜಾಗ ಖಾಲಿ

ಬೇರೆಯವರು ಗ್ರೀಟಿಂಗ್ ಕಾರ್ಡು ಕಳಿಸಿದರೆ ಅದು ಸುಮ್ಮನೆ ಹೋಗಿ ಸೇರುತ್ತದೆ. ನಾನು ಕಳಿಸಿದರೆ ಮಾತ್ರ ಏನಾದರೊಂದು ರಾದ್ಧಾಂತ ಆಗಲೇಬೇಕು. ಅದೇನು ಗ್ರಹಚಾರವೋ ಕಾಣೆ.

ಕಾರ್ಡು ಕಳಿಸುವುದು ಒಬ್ಬಳಿಗೇ, ಮೈಸೂರಿನಲ್ಲಿರುವ ನನ್ನಕ್ಕನಿಗೆ. ಅಮ್ಮ ಬೇಗ ಹೋಗಿಬಿಟ್ಟಳು. ನನ್ನ ತಲೆ ಬಾಚಿ, ಕಿವಿ ಹಿಂಡಿ, ಸ್ಕೂಲಿಗೆ ಅಟ್ಟಿದವಳು ಅಕ್ಕ. ಬ್ಯಾಂಕ್ ಕೆಲಸ ನನ್ನನ್ನು ಕೊಚ್ಚಿಗೆ ಎತ್ತಿ ಹಾಕಿದ ವರ್ಷದಿಂದ ಅವಳ ಹುಟ್ಟುಹಬ್ಬಕ್ಕೆ ಒಂದು ಕಾರ್ಡು ಹೋಗುತ್ತಿತ್ತು. ಅವಳು ಅವನ್ನೆಲ್ಲ ನಡುಮನೆಯಲ್ಲಿ ಒಂದು ದಾರಕ್ಕೆ ಸಾಲಾಗಿ ನೇತುಹಾಕುತ್ತಾಳೆ. ಬಂದವರೆಲ್ಲ ನೋಡಲೇಬೇಕು, ಇಲ್ಲದಿದ್ದರೆ ಕಾಫಿ ಇಲ್ಲ.

೧. ಸಂದರ್ಶನ

ಮಟ್ಟಾಂಚೇರಿಯ ದೋಣಿ ಜೆಟ್ಟಿಯ ಹತ್ತಿರ ಒಂದು ಕಾರ್ಡಿನಂಗಡಿ ಇತ್ತು. ಇಬ್ಬರು ಒಳಗೆ ಹೋದರೆ ಮೂರನೆಯವನು ಹೊರಗೆ ಕಾಯಬೇಕು, ಅಷ್ಟು ಅಗಲ. ಅಂಗಡಿಯವರನ್ನು ಎಲ್ಲರೂ ಚೇಟ ಅನ್ನುತ್ತಿದ್ದರು. ಅಲ್ಲಿ ಅಣ್ಣನಿಗೆ ಹಾಗನ್ನುವುದು.

ಚೇಟನ ಅಂಗಡಿಯಲ್ಲಿ ನಾವು ಕಾರ್ಡು ಆರಿಸುವ ಹಾಗಿಲ್ಲ. ಅವರು ಕೇಳಬೇಕು, ನಾವು ಉತ್ತರ ಹೇಳಬೇಕು, ಆಮೇಲೆ ಅವರೇ ಡ್ರಾಯರಿನಿಂದ ತೆಗೆದುಕೊಡಬೇಕು. ಮೊದಲ ಸಲ ನಾನು ಗೊತ್ತಿಲ್ಲದೆ ಹೊಳೆಯೋ ಗುಲಾಬಿಯ ದೊಡ್ಡ ಕಾರ್ಡೊಂದಕ್ಕೆ ಕೈ ಹಾಕಿದೆ.

“ಯಾರಿಗೆ?”

“ಅಕ್ಕನಿಗೆ.”

“ಅಕ್ಕ ನಿಮಗೆ ಹೊಡೀತಿದ್ರಾ?”

“ಹೊಡೀತಿದ್ದಳು. ಯಾಕೆ?”

“ಹೊಡೆಯೋ ಅಕ್ಕನಿಗೆ ಗುಲಾಬಿ ಕೊಟ್ರೆ ಇವನೇನೋ ತಪ್ಪು ಮಾಡಿದಾನೆ ಅಂತ ಅನುಮಾನ ಬರತ್ತೆ ಸಾರೆ,” ಅಂತ ಕಾರ್ಡನ್ನು ಕಿತ್ತುಕೊಂಡು, ಮರಿಗಳ ಮುಂದೆ ಗತ್ತಿನಿಂದ ನಡೆಯುತ್ತಿರುವ ಬಾತುಕೋಳಿಯ ಚಿತ್ರ ಇರೋದನ್ನು ಕೊಟ್ಟರು.

ವಾರ ಕಳೆದು ಅಕ್ಕ ಫೋನ್ ಮಾಡಿದಳು. “ಲೋ, ಕಾರ್ಡು ಮಾರಿದವರಿಗೆ ನನ್ನ ಫೋಟೋ ತೋರಿಸಿದ್ಯೇನೋ?”

೨. ಎರಡು ಸಹಿ

ನಮ್ಮ ಬ್ಯಾಂಕಿನಿಂದ ಎರಡು ಸಹಿ, ಒಂದು ಸೀಲು ಇಲ್ಲದೆ ಯಾವ ಕಾಗದವೂ ಆಚೆ ಹೋಗುತ್ತಿರಲಿಲ್ಲ. ಒಂದು ವರ್ಷ ಊಟದ ಹೊತ್ತಿನಲ್ಲಿ ಅಕ್ಕನ ಕಾರ್ಡು ಬರೆದು, ವಿಳಾಸ ಬರೆದ ಕವರಿನ ಜೊತೆ ಮೇಜಿನ ಮೇಲಿಟ್ಟು ಕೈ ತೊಳೆಯೋಕೆ ಹೋದೆ. ಬರುವಷ್ಟರಲ್ಲಿ ಅದು ಅವತ್ತಿನ ಟಪಾಲಿನ ಜೊತೆ ಸೇರಿ ಹೊರಟುಹೋಗಿತ್ತು. ಪರವಾಗಿಲ್ಲ, ಅಂಚೆಗೆ ಹಾಕೋ ಶ್ರಮ ತಪ್ಪಿತು ಅಂದುಕೊಂಡೆ.

ನಮ್ಮ ಮ್ಯಾನೇಜರು ಸಹಿ ಮಾಡುವಾಗ ಕಾಗದ ಓದುವವರಲ್ಲ. “ಪ್ರೀತಿಯ ಅಕ್ಕನಿಗೆ, ನೂರು ಕಾಲ ಬಾಳು” ಅಂತ ನಾನು ಬರೆದದ್ದರ ಕೆಳಗೆ ನನ್ನ ಸಹಿ, ಅದರ ಪಕ್ಕ ಅವರ ಸಹಿ, ಎರಡರ ಮೇಲೂ ಬರುವ ಹಾಗೆ ಬ್ಯಾಂಕಿನ ದುಂಡು ಸೀಲು!

ಅಕ್ಕ ಕಾಗದ ಬರೆದಳು. “ನಿನ್ನ ಮಾತನ್ನು ಒಬ್ಬನ ಸಹಿಯ ಮೇಲೆ ನಂಬೋ ಹಾಗಿಲ್ಲ ಅಂತ ನಿಮ್ಮ ಬ್ಯಾಂಕಿಗೂ ಗೊತ್ತಾಗಿದೆಯಲ್ಲ, ಸಂತೋಷ. ಆ ಮ್ಯಾನೇಜರಿಗೆ ನನ್ನ ಆಶೀರ್ವಾದ ತಿಳಿಸು.”

ತಿಳಿಸುವ ಧೈರ್ಯ ನನಗೆ ಬರಲಿಲ್ಲ.

೩. ಅಲ್ಲಾಡುವ ಗುಲಾಬಿ

ಈಗ ತಿರುವನಂತಪುರದಲ್ಲಿದ್ದೇನೆ. ಕೊಚ್ಚಿ ಬಿಡುವಾಗ ಚೇಟನಿಂದ ಕಟ್ಟಿಸಿಕೊಂಡು ಬಂದಿದ್ದ ಕಾರ್ಡುಗಳು ಹೋದ ವರ್ಷಕ್ಕೆ ಮುಗಿದಿದ್ದವು. ಈ ವರ್ಷ ಅಕ್ಕನ ಹುಟ್ಟುಹಬ್ಬ ಹತ್ತಿರ ಬಂದಾಗ ಆಫೀಸಿನಲ್ಲಿ ಆಡಿಟ್ ಗಲಾಟೆ. ಕಾರ್ಡು ಕೊಳ್ಳೋಕೆ ಪುರುಸೊತ್ತೇ ಆಗಲಿಲ್ಲ. ಮಗಳು ನನ್ನ ಮೊಬೈಲು ಇಸಕೊಂಡು ಅಲ್ಲಾಡುವ ಗುಲಾಬಿಯೊಂದನ್ನು ಅಕ್ಕನಿಗೆ ಕಳಿಸಿದಳು. “ಅದು ಮದಿ ಅಪ್ಪಾ,” ಅಂದಳು. ಅಷ್ಟೇ ಸಾಕು ಅಂತ ಅವಳ ಮಲಯಾಳಂ.

ಸಾಕಾಗಲಿಲ್ಲ. ಅಕ್ಕ ಮಾತು ಬಿಟ್ಟಳು. ಸಂಜೆ ನಾಲ್ಕಕ್ಕೆ ಫೋನ್ ಮಾಡಿದರೆ ಭಾವ ಎತ್ತಿಕೊಂಡು “ಪೂಜೆಗೆ ಕೂತಿದಾಳೆ” ಅನ್ನುತ್ತಾರೆ. ನಾಲ್ಕು ಗಂಟೆಗೆ ಯಾವ ದೇವರಿಗೆ ಪೂಜೆ? ಒಂದು ತಿಂಗಳು ಹೀಗೇ ಆದಮೇಲೆ ಭಾವನೇ ಪಿಸುಗುಟ್ಟಿದರು: “ದಾರದಲ್ಲಿ ಈ ವರ್ಷದ ಜಾಗ ಖಾಲಿ ಬಿಟ್ಟಿದಾಳಪ್ಪ. ಯಾರೋ ಕೇಳಿದ್ದಕ್ಕೆ ಮೊಬೈಲು ತೋರಿಸೋಕೆ ಹೋದಳು, ಅಷ್ಟರಲ್ಲಿ ಪರದೆ ಆರಿಹೋಯ್ತು. ಒಳಗೆ ಹೋಗಿ ಅತ್ತಳು.”

ನನಗೆ ಊಟ ಸೇರಲಿಲ್ಲ. ಕಿವಿ ಹಿಂಡಿ ನನ್ನನ್ನು ಅಳಿಸಿದವಳೇ ಹೊರತು ತಾನು ಅತ್ತವಳಲ್ಲ ಅವಳು.

ತಿರುವನಂತಪುರವೆಲ್ಲ ಕಾರ್ಡು ಹುಡುಕಿದೆ. ಒಂದಂಗಡಿಯಲ್ಲಿ ಕಾರ್ಡು ಇಡುವ ತಿರುಗೋ ಸ್ಟ್ಯಾಂಡು ಕಂಡು ಜೀವ ಬಂತು. ತಿರುಗಿಸಿದೆ. ಬಾಳೆಕಾಯಿ ಚಿಪ್ಸ್ ಬಂತು, ಹಲಸಿನ ಚಿಪ್ಸ್ ಬಂತು, ಮತ್ತೆ ಬಾಳೆಕಾಯಿ ಬಂತು.

ಹೆಂಡತಿ ಅಂದಳು: “ಹಲಸಿನದೇ ಕಳಿಸಿಬಿಡಿ. ಅದಾದರೂ ಅಲ್ಲಾಡಲ್ಲ.”

೪. ಹಾಡುವ ಕವರು

ಭಾನುವಾರ ರೈಲು ಹತ್ತಿ ಕೊಚ್ಚಿಗೆ ಹೋದೆ. ದೋಣಿ ಇಳಿದು ನೋಡಿದರೆ ಚೇಟನ ಅಂಗಡಿಯ ಶಟರು ಅರ್ಧ ಇಳಿದಿದೆ. ಬಗ್ಗಿ ಒಳಗೆ ಹೋದೆ. ಚೇಟನ ತಲೆಯೆಲ್ಲ ಬೆಳ್ಳಗಾಗಿತ್ತು. ಡ್ರಾಯರುಗಳೆಲ್ಲ ನೆಲದ ಮೇಲಿದ್ದವು. ಆ ವಾರವೇ ಬಾಗಿಲು ಹಾಕುತ್ತಾರಂತೆ, ಅಲ್ಲಿ ಪ್ರವಾಸಿಗಳಿಗೆ ಕಾಫಿ ಅಂಗಡಿ ಬರುತ್ತದಂತೆ.

“ಬಾತುಕೋಳಿ ಅಕ್ಕ ಹೇಗಿದಾರೆ?” ಅಂದರು. ಇಷ್ಟು ವರ್ಷದ ಮೇಲೆ!

ನಡೆದದ್ದೆಲ್ಲ ಹೇಳಿದೆ. “ಈಗ ಯಾರಿಗೆ ಅಂತ ಕೇಳೋಕೇ ಆಗಲ್ಲ ಸಾರೆ,” ಅಂದರು ಚೇಟ, “ಮೊಬೈಲಿನಲ್ಲಿ ಒಂದೇ ಹೂವು ಊರಿಗೆಲ್ಲ ಹೋಗತ್ತೆ.” ಉಳಿದಿದ್ದವು ಯಾರೂ ಕೊಳ್ಳದೆ ಬಿಟ್ಟ ಕಾರ್ಡುಗಳು. ಗಂಡು ಮಗು ಹುಟ್ಟಿದ್ದಕ್ಕೆ ಅಭಿನಂದನೆ, ನಿವೃತ್ತಿಗೆ ಶುಭಾಶಯ, ಹೀಗೆ. ಅರವತ್ತು ದಾಟಿದ ಅಕ್ಕನಿಗೆ ಅವನ್ನು ಕಳಿಸಿದರೆ ಆಯುಷ್ಯಪೂರ್ತಿ ಪೂಜೆಗೇ ಕೂತಿರುತ್ತಾಳೆ.

ಕೊನೆಗೆ ಚೇಟ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಒಂದು ತೆಗೆದರು. ಬಿಚ್ಚಿದರೆ ಹುಟ್ಟುಹಬ್ಬದ ರಾಗ ಹಾಡುವ ಕಾರ್ಡು. ಗಿರಾಕಿಗಳಿಗೆ ತೋರಿಸೋಕೆ ಅಂತ ಇಟ್ಟುಕೊಂಡಿದ್ದಂತೆ. ಪಕ್ಕದ ವಾಚು ರಿಪೇರಿಯವರ ಹತ್ತಿರ ಹೋಗಿ ಹೊಸ ಬ್ಯಾಟರಿ ಹಾಕಿಸಿ ತಂದುಕೊಟ್ಟರು. ಶಟರಿನಾಚೆ ಬಂದಮೇಲೆ ಹಿಂತಿರುಗಿ ನೋಡಬಾರದು ಅಂದುಕೊಂಡೆ, ನೋಡಿದೆ. ಚೇಟ ಕೈ ಬೀಸುತ್ತಿದ್ದರು.

ಮಾರನೆಯ ದಿನ ತಿರುವನಂತಪುರದ ಅಂಚೆ ಕಚೇರಿ. ಕವರಿಗೆ ಹಾಕಿ ಅಂಟಿಸಿದ್ದೇ ತಡ, ಕಾರ್ಡು ಹಾಡತೊಡಗಿತು. ಒತ್ತಿದೆ, ನಿಲ್ಲಲಿಲ್ಲ. ಕಂಕುಳಲ್ಲಿ ಅದುಮಿದೆ. ಕ್ಯೂನಲ್ಲಿದ್ದವರೆಲ್ಲ ನನ್ನ ಕಂಕುಳನ್ನೇ ನೋಡುತ್ತಿದ್ದಾರೆ.

ಕೌಂಟರಿನ ಹೆಂಗಸು ಕವರನ್ನು ದೂರ ಹಿಡಿದು ಕೇಳಿದರು: “ಒಳಗೇನಿದೆ?”

“ಕ್ಷಮಾಪಣೆ ಮೇಡಂ.”

ಅವರು ನನ್ನ ಮುಖ ಒಂದು ಸಲ ನೋಡಿ, ಠಸ್ಸೆ ಎತ್ತಿ ‘ಢಂ’ ಅಂತ ಒಂದು ಗುದ್ದು ಕೊಟ್ಟರು. ಹಾಡು ನಿಂತಿತು. ಇನ್ನು ಶಾಶ್ವತವಾಗಿ ನಿಂತಿತೇನೋ ಅಂತ ಕೌಂಟರಿನ ಮೇಲೆ ಬಗ್ಗಿ ಕಿವಿಗೊಟ್ಟೆ.

ನಾಲ್ಕು ದಿನ ಫೋನು ಕೈಯಲ್ಲೇ ಹಿಡಿದು ಓಡಾಡಿದೆ. ಐದನೆಯ ದಿನ ಅಕ್ಕನ ನಂಬರು ಬಂತು. ಎತ್ತಿದರೆ ಮಾತಿಗೂ ಮುಂಚೆ ರಾಗ ಕೇಳಿಸಿತು.

“ಲೋ! ಇದು ನಿಲ್ಲಲ್ಲ ಕಣೋ! ಪೋಸ್ಟ್‌ಮ್ಯಾನು ಬೀದಿಯ ತುದಿಯಿಂದ ಮೆರವಣಿಗೆ ಥರ ಹಾಡಿಸಿಕೊಂಡು ಬಂದ. ನಿಮ್ಮ ಭಾವ ಅಕ್ಕಿ ಡಬ್ಬದೊಳಗೆ ಹೂತಿಟ್ಟರು, ಈಗ ಡಬ್ಬವೇ ಹಾಡ್ತಿದೆ! ಇದನ್ನು ದಾರಕ್ಕೆ ಹೇಗೋ ಹಾಕಲಿ?”

ನನ್ನ ಕಣ್ಣು ಮಂಜಾಯಿತು. ಬೈಯುತ್ತಿದ್ದಾಳೆ, ಅಂದರೆ ಎಲ್ಲ ಸರಿಹೋಯಿತು. “ಅಂಚೆ ಕಚೇರಿಯಲ್ಲಿ ಒಂದು ಗುದ್ದು ಕೊಟ್ಟರು ಅಕ್ಕಾ, ನಿಂತುಬಿಡ್ತು. ನೀನೂ ಒಂದು ಕೊಡು,” ಅಂದೆ.

ಆ ಕಡೆ ಅಕ್ಕಿ ಡಬ್ಬದ ಮುಚ್ಚಳ ತೆಗೆದ ಸದ್ದಾಯಿತು, ರಾಗ ಇನ್ನೂ ಜೋರಾಯಿತು.

“ಪಾಪ, ಆ ಕಾರ್ಡೇನು ಮಾಡಿತ್ತೋ?” ಅಂದಳು ಅಕ್ಕ. “ಗುದ್ದು ನಿನಗೆ ಎತ್ತಿಟ್ಟಿದೀನಿ. ಯಾವತ್ತು ಬರ್ತೀಯ, ಹೇಳು.”