ಬೇಸ್ ಕೇಳುವ ಶುಕ್ರವಾರ

ಸಾತಲಿಂಗಪ್ಪನಿಗೆ ಮೊದಲು ಸಿಟ್ಟು ಬಂದದ್ದು ರೆಕಾರ್ಡಿನ ಕವರಿನ ಮೇಲೆ. ಅದು ಅಮೆರಿಕದ ಸೋಲ್ ಸಂಗೀತ; ಚಾದರ ಮಾರಲು ಮುಂಬೈಗೆ ಹೋದಾಗ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತ್ತು. ಹಾಡಿದವನ ಫೋಟೊ ಊಟದ ತಾಟಿನಷ್ಟು ದೊಡ್ಡದು. ಇಡೀ ಹಾಡನ್ನು ಕೆಳಗಿನಿಂದ ಹೊತ್ತು ನಿಂತ ಬೇಸ್ ಗಿಟಾರಿನವನ ಹೆಸರು ಮಾತ್ರ ಎಲ್ಲಿಯೂ ಇಲ್ಲ.

"ಚಾದರದಾಗ ಎಲ್ಲಾರೂ ಹೂವಾ ನೋಡ್ತಾರ. ಹೂವಾ ಹೊತ್ತ ಹಾಸಿನ ನೂಲು ಯಾರು ನೋಡ್ತಾರ?" ಎಂದು ಹೆಂಡತಿ ಸುಗಲಾಬಾಯಿಯ ಮೇಲೆ ರೇಗಿದ. ಆಕೆ ಪಾಪ ಏನೂ ಅಂದಿರಲಿಲ್ಲ.

ಬೇಸ್ ಕೇಳುವುದೇನು ಸುಲಭವೇ? ಸೊಲ್ಲಾಪುರದ ಆ ಓಣಿಯಲ್ಲಿ ಮನೆಮನೆಗೂ ಪವರ್‌ಲೂಮ್, ಹಗಲೆಲ್ಲ ಖಟಖಟ. ಎಪ್ಪತ್ನಾಲ್ಕರಲ್ಲಿ ನೂಲು ಸಿಗದಾದಾಗ, ಶುಕ್ರವಾರ ಯಾರೂ ಮಗ್ಗ ನಡೆಸಬಾರದೆಂದು ಓಣಿಯವರು ಕಟ್ಟುಪಾಡು ಮಾಡಿದ್ದರು. ಹಾಗಾಗಿ ಅವನಿಗೆ ಸಿಕ್ಕಿದ್ದು ವಾರದಲ್ಲಿ ಅದೊಂದೇ ದಿನ.

"ಇದೊಂದೇ ಮುಳ್ಳು ಉಳದೈತಿ. ನನ್ನ ಬಿಟ್ಟು ಯಾರೂ ಮುಟ್ಟಬ್ಯಾಡ್ರಿ" ಎಂದು ಮನೆಯವರನ್ನೆಲ್ಲ ಗದರಿಸಿ, ರೆಕಾರ್ಡ್ ಪ್ಲೇಯರಿನ ಮುಳ್ಳು ಇಟ್ಟು ರೆಕಾರ್ಡು ಹಚ್ಚಿದ.

ಎರಡನೆಯ ನುಡಿಯಲ್ಲಿ ಬೇಸಿನವನು ಬೇಕೆಂದೇ ತಾಳದ ಒಂದು ಪೆಟ್ಟು ಬಾರಿಸದೆ ಬಿಡುತ್ತಿದ್ದ. ಹಾಡುವವನನ್ನು ಮುಂದೆ ಹೋಗಗೊಟ್ಟು, ಮೂರು ಸ್ವರ ಕೆಳಗಿಳಿದು ಅವನನ್ನು ಹಿಡಿಯುತ್ತಿದ್ದ. ಸಾತಲಿಂಗಪ್ಪನಿಗೆ ಬೇಕಾಗಿದ್ದದ್ದು ಅಷ್ಟೇ, ಆ ಮೂರು ಸ್ವರ. ಆದರೆ ಸರಿಯಾಗಿ ಅಲ್ಲಿಯೇ ಹಾಡುವವನು ಗಂಟಲು ಹರಿಯುವಂತೆ ಚೀರುತ್ತಿದ್ದ. ಐದು ಸಲ ಹಚ್ಚಿದರೂ ಅದೇ ಚೀರಾಟ. "ಈ ಮಗನ ಬಾಯಿ ಯಾರರೆ ಮುಚ್ಚಸ್ರಿ" ಎಂದು ಸಾತಲಿಂಗಪ್ಪ ಹಲ್ಲು ಕಡಿದ.

ಅಷ್ಟರಲ್ಲಿ ಯಾರೋ ಬಾಗಿಲು ಧಡಧಡ ಬಡಿದರು. ಪಕ್ಕದ ಮನೆಯ ಸಿದ್ದರಾಮಪ್ಪ, ಹಿಂದೆ ಎದುರುಮನೆಯ ಶಾಂತಪ್ಪ. ಇಬ್ಬರ ಮುಖವೂ ಕೆಂಪು.

"ಸೂಟಿ ದಿನಾ ಕಳವಿಲೆ ಮಗ್ಗ ನಡಸ್ತೀಯೇನ್? ನಿನಗ ನೂಲು ಬಂದ್ ಮಾಡಸ್ತೀನಿ ನೋಡು" ಎಂದ ಸಿದ್ದರಾಮಪ್ಪ.

ಸಾತಲಿಂಗಪ್ಪ ಅವನ ರಟ್ಟೆ ಹಿಡಿದು ಎಳೆದೊಯ್ದು, ಬಟ್ಟೆ ಹೊದ್ದು ತಣ್ಣಗಿದ್ದ ಮಗ್ಗ ತೋರಿಸಿದ.

"ಮತ್ತ ಅದೇನು? ನಡುವ ಒಂದು ಪೆಟ್ಟು ಬಿಡತೈತಿ, ಆಮ್ಯಾಲ ಮೂರು ಇಳಕೊಂತ ಬರತೈತಿ. ಲಾಳಿ ಸಿಕ್ಕೊಂಡೈತಿ ಅಂದ್ಕೊಂಡೆ."

ಸಾತಲಿಂಗಪ್ಪ ಹಿಡಿದಿದ್ದ ರಟ್ಟೆ ಬಿಟ್ಟ. "ಮೂರೂ ಕೇಳಿದ್ವಾ? ಹಾಡು ಕೇಳಲಿಲ್ಲೇನ್?"

"ಯಾವ ಹಾಡು? ಗ್ವಾಡಿಯಾಗ ಬರೇ ಧಮ್ ಧಮ್ ಬರತೈತಿ."

ಸಾತಲಿಂಗಪ್ಪ ಅವರನ್ನು ಕೂರಿಸಿ, ಬೇಸ್ ಎಂದರೇನೆಂದು ಬೈದು ಬೈದು ತಿಳಿಸಿ, ರೆಕಾರ್ಡು ಹಚ್ಚಿದ. ಮಗ್ಗದ ಸದ್ದಿನಲ್ಲೇ ಬೆಳೆದ ಕಿವಿಗಳು, ಬೇಸಿನ ನಡೆಯನ್ನು ಕೂಡಲೇ ಹಿಡಿದವು. ಸಿದ್ದರಾಮಪ್ಪ ತಲೆ ತೂಗಿ ಎದ್ದ.

"ಇಲ್ಲಿ ಬ್ಯಾಡ, ಈ ಹಾಡಾಂವ ಭಾಳ ಒದರ್ತಾನ. ನಮ್ಮ ಮನ್ಯಾಗ ಛಲೋ ಕೇಳತೈತಿ. ನಡೀರಿ."

ಎಲ್ಲರಿಗಿಂತ ಮುಂದೆ ಓಡಿದವನು ಸಾತಲಿಂಗಪ್ಪನೇ. ಸುಗಲಾಬಾಯಿಯೂ ಬಂದಳು. ಎಲ್ಲರೂ ಗೋಡೆಗೆ ಕಿವಿ ಹಚ್ಚಿ ಕುಳಿತರು. ಗೋಡೆ ಗಪ್ಪಾಗಿತ್ತು. ಎಲ್ಲರೂ ಸಾತಲಿಂಗಪ್ಪನ ಮುಖ ನೋಡಿದರು.

"ಅಲ್ಲಿ ರೆಕಾರ್ಡು ಹಚ್ಚವ್ರು ಯಾರದಾರ? ಮುಳ್ಳು ಯಾರೂ ಮುಟ್ಟಬ್ಯಾಡ್ರಿ ಅಂದವರು ನೀವೇ ಅಲ್ಲೇನ್ರಿ?" ಎಂದಳು ಸುಗಲಾಬಾಯಿ.

ಅವನು ಒಬ್ಬನೇ ಮನೆಗೆ ಬಂದು ಮುಳ್ಳು ಇಟ್ಟ. ಹಾಡುವವನು ಕಿವಿಯ ಬುಡದಲ್ಲೇ ಚೀರಿದ. ಗೋಡೆಯಾಚೆಯಿಂದ ಸಿದ್ದರಾಮಪ್ಪ ಕೂಗಿದ:

"ಏನ್ ಹಿಡದಾನೋ ಬೇಸಿನಾಂವ, ಸಾತಲಿಂಗಪ್ಪ! ಮೂರೂ ಮುತ್ತಿನಂಗ ಅದಾವು. ಮತ್ತೊಮ್ಮಿ ಹಚ್ಚು."