ಕಾದಂಬರಿಯ ಗಂಡನಿಗೂ ಸೂತಕ

ನನ್ನ ದೊಡ್ಡಮ್ಮ ಕಾದಂಬರಿ ಓದುವುದಿಲ್ಲ. ಓದುವುದು ನೀವು, ನಾವು! ಅವಳು ಕಾದಂಬರಿಯೊಳಗೆ ಸಂಸಾರ ಹೂಡುತ್ತಾಳೆ. ಹಿಂದೊಮ್ಮೆ ಯಾವುದೋ ಕಥಾನಾಯಕಿಗೆ ಮದುವೆಯಾಯಿತೆಂದು ಸಾಗರದ ಮನೆಬಾಗಿಲಿಗೆ ತೋರಣ ಕಟ್ಟಿ ಪಾಯಸ ಮಾಡಿದ್ದಳು. ಪಕ್ಕದ ಮನೆಯವರು ಉಡುಗೊರೆ ಹಿಡಿದು ಬಂದು, ಮದುಮಗಳೆಲ್ಲಿ ಎಂದು ಹುಡುಕಿದರಂತೆ!

ಇದೆಲ್ಲ ಬಲ್ಲ ನನಗೂ ಈ ಸಲ ಎದೆ ಧಸಕ್ಕೆಂದಿತು. ತೀರ್ಥಹಳ್ಳಿಯಿಂದ ಹೋಳಿಗೆ ಕಟ್ಟಿಸಿಕೊಂಡು ಹೋದರೆ ಅಂಗಳದಲ್ಲಿ ರಂಗೋಲಿಯಿಲ್ಲ, ಒಳಗೆ ಒಗ್ಗರಣೆಯ ವಾಸನೆಯಿಲ್ಲ. "ಮುಟ್ಬೇಡ, ಸೂತಕ" ಎಂದು ದೊಡ್ಡಮ್ಮ ಹೊಸ್ತಿಲಲ್ಲೇ ತಡೆದಳು. ಯಾರು ಹೋದರು? ನನಗೇಕೆ ಯಾರೂ ಹೇಳಲಿಲ್ಲ?

ಹೋದವನು ಅವಳು ಓದುತ್ತಿದ್ದ ಕಾದಂಬರಿಯ ನಾಯಕಿಯ ಗಂಡ! ಅಪಘಾತವಂತೆ, ಅರ್ಧ ಪುಸ್ತಕಕ್ಕೇ ಮುಗಿದನಂತೆ. ಅವನೇನು ನಮ್ಮ ದಾಯಾದಿಯೇ ಎಂದು ರೇಗಿದೆ.

"ವಾರದಿಂದ ಒಂದೇ ಮನೇಲಿದ್ದ ಹಾಗಿತ್ತು. ದಾಯಾದಿ ಆಗಕ್ಕೆ ಇನ್ನೆಂತ ಬೇಕು?" ಅಂದಳು.

ನಾನು ನಿಜವಾಗಿ ಬೆಚ್ಚಿದ್ದು ಮುಂದಿನ ಕಥೆ ಕೇಳಿ. ಕಾರು ಓಡಿಸುತ್ತಿದ್ದವನು ಸತ್ತವನ ಗೆಳೆಯ. ಕಡೆಗೆ ನಾಯಕಿಗೆ ಅವನ ಮೇಲೇ ಪ್ರೀತಿ ಹುಟ್ಟುತ್ತದೆಂದು ಪುಸ್ತಕದ ಹಿಂಬದಿಯಲ್ಲೇ ಅಚ್ಚಾಗಿತ್ತು. ದೇವರೇ, ಇಂಥದ್ದನ್ನು ಇವಳ ಕೈಗೆ ಕೊಟ್ಟವರು ಯಾರು! ನಮ್ಮ ದೊಡ್ಡಪ್ಪ ತೀರಿಕೊಂಡದ್ದೂ ಬೈಕಿನಿಂದ ಬಿದ್ದೇ. ಓಡಿಸುತ್ತಿದ್ದವರು ಹೊಸನಗರದ ಮಾವ, ದೊಡ್ಡಮ್ಮನ ಒಬ್ಬನೇ ತಮ್ಮ. ಅಂದಿನಿಂದ ಅಕ್ಕ ತಮ್ಮನ ಮುಖ ನೋಡಿಲ್ಲ, ತಮ್ಮ ಗಾಡಿ ಮುಟ್ಟಿಲ್ಲ. ಮನೆಯಲ್ಲಿ ಆ ಮಾತೆತ್ತುವ ಧೈರ್ಯ ಯಾರಿಗೂ ಇಲ್ಲ.

ಮುಂದಿನ ವಾರ ಹೋದಾಗ ಪುಸ್ತಕ ಅಕ್ಕಿ ಡಬ್ಬದೊಳಗಿತ್ತು. ನಾಯಕಿ ಆ ಕಾರು ಓಡಿಸಿದವನನ್ನು ಕ್ಷಮಿಸಿದ್ದಕ್ಕೆ ಆ ಶಿಕ್ಷೆ! ನಾಚಿಕೆಗೆಟ್ಟವಳು, ಗಂಡನ್ನ ಇಷ್ಟು ಬೇಗ ಮರೆತಳು ಎಂದು ದೊಡ್ಡಮ್ಮ ಬೈದಳು. ಬೈದು ಬೈದು ಸುಸ್ತಾಗಿ ಕೂತು, "ಅವ್ಳಿಗಾದ್ರೂ ಅತ್ತು ಮುಗೀತು. ನಂಗೆ ಮುಗೀಲೇ ಇಲ್ಲ" ಅಂದಳು. ಎದ್ದವಳೇ ಸೀರೆ ಬದಲಿಸಿ ಹೊಸನಗರದ ಬಸ್ಸಿಗೆ ಹೊರಟೇಬಿಟ್ಟಳು! ನಾನು ಚಪ್ಪಲಿ ಸಿಕ್ಕಿಸಿಕೊಂಡು ಹಿಂದೆ ಓಡಿದೆ.

ಅಕ್ಕನನ್ನು ಕಂಡು ಮಾವ ಬಾಗಿಲಲ್ಲೇ ಕಂಬದಂತೆ ನಿಂತರು. ಅತ್ತೆ ಒಳಗೆ ಕರೆದು ಕಾಫಿ ಕೊಟ್ಟರು. ಹೊರಡುವಾಗ ದೊಡ್ಡಮ್ಮ ಅಂಗಳದಲ್ಲಿದ್ದ ಅತ್ತೆಯ ಸ್ಕೂಟರ್ ತೋರಿಸಿ, ಬಸ್ ಸ್ಟ್ಯಾಂಡಿಗೆ ಬಿಡು ಅಂದಳು.

"ಕೈ ನಡುಗ್ತದೆ, ಅಕ್ಕ" ಅಂದರು ಮಾವ.

"ನಂಗೂ ನಡುಗ್ತದೆ. ನಿಧಾನ ಹೋಗು" ಎಂದು ದೊಡ್ಡಮ್ಮ ಹಿಂದೆ ಕೂತು, ತಮ್ಮನ ಹೆಗಲು ಗಟ್ಟಿಯಾಗಿ ಹಿಡಿದುಕೊಂಡಳು.