ಯಾಕೆ ಅಂತ ಕೇಳುವ ಆ್ಯಪ್

ನನ್ನ ಸೋದರಮಾವ ಒಂದು ಮೊಬೈಲ್ ಆ್ಯಪ್ ತಯಾರಿಸಿದ್ದಾರೆ ಎಂದರೆ ಅವರನ್ನು ಕಂಡವರ್ಯಾರೂ ನಂಬುವುದಿಲ್ಲ. ಆ ಆ್ಯಪಿನಿಂದ ಯಾವ ಕೆಲಸವೂ ಆಗುವುದಿಲ್ಲ ಎಂದರೆ ತಕ್ಷಣ ನಂಬುತ್ತಾರೆ! ಅದು ಮಾಡುವುದು ಇಷ್ಟೇ: ಫೋನಿನಲ್ಲಿರುವ ಬೇರೆ ಆ್ಯಪ್‌ಗಳನ್ನು ತೆರೆದುಕೊಡುವುದು. ಅದೂ ಸುಮ್ಮನೆ ಅಲ್ಲ, ವಿಚಾರಣೆ ಮಾಡಿ.

ಮಾವನಿಗೆ ವಿಚಾರಣೆ ಎನ್ನುವುದು ಹುಟ್ಟುಗುಣ. ಬನಶಂಕರಿಯ ಅವರ ಮನೆಯ ಗೇಟು ದಾಟುವುದಕ್ಕಿಂತ ಪರದೇಶಕ್ಕೆ ವೀಸಾ ಪಡೆಯುವುದು ಸುಲಭ. ಹಣೆ ತುಂಬ ವಿಭೂತಿ ಬಳಿದುಕೊಂಡು, ಗೇಟಿನ ಒಳಗೆ ನಿಂತು, ಬಂದವರನ್ನೆಲ್ಲ “ಯಾರು? ಯಾಕೆ? ಏನ್ ಕೆಲಸ?” ಎಂದು ಕೇಳುತ್ತಾರೆ. ಒಮ್ಮೆ ಗ್ಯಾಸ್ ಸಿಲಿಂಡರ್ ಹೆಗಲ ಮೇಲೆ ಹೊತ್ತು ನಿಂತಿದ್ದವನನ್ನೂ “ಏನ್ ಕೆಲಸ?” ಎಂದರು. ಅವನು ಬೇಸತ್ತು, “ಜಾಗಿಂಗ್ ಹೊರಟಿದ್ದೆ ಸಾರ್, ಹಂಗೇ ಈ ಕಡೆ ಬಂದೆ” ಅಂದ. ಮಾವ “ಹಂಗಾದ್ರೆ ಸರಿ” ಎಂದು ಗೇಟು ತೆಗೆದರು! ಉತ್ತರ ಏನೇ ಇರಲಿ, ಅವರಿಗೆ ಚಿಂತೆಯಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡಬೇಕು, ಅಷ್ಟೇ.

ಜಯನಗರದಲ್ಲಿ ಅವರದೊಂದು ಹಾರ್ಡ್‌ವೇರ್ ಅಂಗಡಿ ಇತ್ತು. ಅಲ್ಲಿಯೂ ಇದೇ ಕಥೆ. ಹಿಡಿ ಮೊಳೆ ಕೇಳಿದರೆ ಗೋಡೆಗೋ, ಮರಕ್ಕೋ, ಫೋಟೋ ಯಾರದು, ಅವರು ಹೋಗಿ ಎಷ್ಟು ದಿನವಾಯಿತು ಎಂದೆಲ್ಲ ತಿಳಿದುಕೊಂಡ ಮೇಲೆಯೇ ಮೊಳೆ. ಮಂಡಿನೋವು ಜಾಸ್ತಿಯಾಗಿ ಅಂಗಡಿ ಬೇರೆಯವರಿಗೆ ಕೊಟ್ಟ ಮೇಲೆ ಪೂರ್ತಿ ಕಷ್ಟ ಬಿದ್ದದ್ದು ನಮ್ಮ ಅತ್ತೆಯ ಮೇಲೆ. “ಅಂಗಡಿ ಬಿಟ್ಟಿದ್ದೇನೋ ಒಳ್ಳೇದೇ ಆಯ್ತು ಕಣೇ. ಆದ್ರೆ ಈಗ ಇರೋ ಗಿರಾಕಿ ನಾನೊಬ್ಬಳೇ” ಎಂದು ಅತ್ತೆ ನನ್ನ ಹತ್ತಿರ ಗೋಳಾಡುತ್ತಿದ್ದರು.

ಅತ್ತೆಯ ಗೋಳು ಕೇಳಲಾರದೆ ನಾನೇ ಮಾವನನ್ನು ಒಂದು ತರಗತಿಗೆ ಸೇರಿಸಿದೆ. ಮನೆ ಹತ್ತಿರದ ಪಾರ್ಕಿನ ಪಕ್ಕದ ಸಭಾಂಗಣದಲ್ಲಿ ಹಿರಿಯರಿಗೆ ಮೊಬೈಲ್ ಆ್ಯಪ್ ಮಾಡುವುದನ್ನು ಹೇಳಿಕೊಡುತ್ತಿದ್ದರು. ಪರದೆಯ ಮೇಲೆ ಬಣ್ಣದ ತುಂಡುಗಳನ್ನು ಎಳೆದು ಒಂದಕ್ಕೊಂದು ಸಿಕ್ಕಿಸಿದರೆ ಆಯಿತು, ಆ್ಯಪ್ ತಯಾರು. ನಟ್ಟು ಬೋಲ್ಟಿನಲ್ಲಿ ಆಯುಸ್ಸು ಕಳೆದ ಮಾವನಿಗೆ ಸಿಕ್ಕಿಸುವುದೇನು ಹೊಸದೇ? ಎಲ್ಲರಿಗಿಂತ ಮುಂದಿದ್ದರು. ಆದರೆ ‘ನಮ್ಮ ಆ್ಯಪಿನಿಂದ ಬೇರೆ ಆ್ಯಪ್ ತೆರೆಯುವುದು ಹೇಗೆ’ ಎಂಬ ಪಾಠ ಮುಗಿದ ದಿನವೇ ತರಗತಿ ಬಿಟ್ಟುಬಿಟ್ಟರು.

“ಯಾಕೆ ಮಾವ? ಇನ್ನೂ ಎಷ್ಟೊಂದು ಪಾಠ ಇದೆಯಲ್ಲ?”

“ಇಷ್ಟು ಸಾಕು. ಅಂಗಡೀಲಿ ನಾನು ಒಂದು ಮೊಳೆನಾದ್ರೂ ತಯಾರು ಮಾಡಿದ್ನಾ? ಬೇರೆಯೋರು ಮಾಡಿದ್ದನ್ನ ಕೇಳಿದೋರಿಗೆ ತೆಗೆದುಕೊಟ್ಟೆ. ಇದೂ ಅದೇ ತಾನೆ?”



ಒಂದು ವಾರ ಊಟ ತಿಂಡಿಯ ಮೇಲೂ ಗಮನವಿಲ್ಲದೆ ಕೂತು ಆ್ಯಪ್ ಮುಗಿಸಿದರು. ಹೆಸರು ‘ಯಾಕೆ’. ತೆರೆದರೆ ದೊಡ್ಡ ದೊಡ್ಡ ಬಟನ್‌ಗಳು: ಹಾಲು, ತರಕಾರಿ, ಆಟೋ, ಬ್ಯಾಂಕು, ಸೀರಿಯಲ್, ಆಸ್ಪತ್ರೆ. ಯಾವುದನ್ನು ಒತ್ತಿದರೂ ಮೊದಲು ಮಾವನ ಧ್ವನಿ ಗದರುತ್ತದೆ: “ಯಾಕೆ? ಏನ್ ಕೆಲಸ?” ಕೆಳಗಿನ ಚೌಕದಲ್ಲಿ ಕಾರಣ ಬರೆಯಬೇಕು. ‘ಹೂಂ’, ‘ಸುಮ್ನೆ’ ಎಂದರೆ ನಡೆಯುವುದಿಲ್ಲ. ಒಂದು ವಾಕ್ಯದಷ್ಟಾದರೂ ಇರಬೇಕು. ಬರೆದಾದ ಮೇಲೆ ಅದೇ ಧ್ವನಿ ಮೆತ್ತಗಾಗಿ, “ಸರಿ. ಹುಷಾರಾಗಿ ಹೋಗ್ಬನ್ನಿ” ಎನ್ನುತ್ತದೆ. ಆಮೇಲೆ ಹಾಲಿನ ಆ್ಯಪೋ ಆಟೋ ಆ್ಯಪೋ ತೆರೆದುಕೊಳ್ಳುತ್ತದೆ.

ಮೊದಲ ಬಲಿ ಅತ್ತೆಯ ಫೋನು. ಅದರ ಮುಖಪುಟದಲ್ಲಿದ್ದ ಚಿತ್ರಗಳನ್ನೆಲ್ಲ ಎತ್ತಿ ಹಾಕಿ, ‘ಯಾಕೆ’ ಒಂದನ್ನೇ ನಡುಮಧ್ಯೆ ಪ್ರತಿಷ್ಠಾಪಿಸಿದರು. ಅವತ್ತು ಸಂಜೆ ಅತ್ತೆ ಅಡುಗೆಮನೆಯಲ್ಲಿ ಸೀರಿಯಲ್ ನೋಡಲೆಂದು ಬಟನ್ ಒತ್ತಿದರೆ ಗಂಡ ಕೂಗಿದ ಹಾಗಾಯಿತು. ಬೆಚ್ಚಿಬಿದ್ದು ಹಿಂದೆ ನೋಡಿದರು. ಗಂಡ ನಡುಮನೆಯಲ್ಲಿ ಪೇಪರ್ ಓದುತ್ತಿದ್ದರು.

“ಹೊರಗೂ ನೀವೇ, ಒಳಗೂ ನೀವೇ ಆದ್ರೆ ನಾನು ಎಲ್ಲಿಗ್ರೀ ಹೋಗ್ಲಿ?”

“ಹೋಗು, ಬೇಡ ಅನ್ನಲ್ಲ. ಯಾಕೆ ಅಂತ ಬರೆದು ಹೋಗು!”

ಅತ್ತೆ ಬರೆದರು: ‘ನಿಮ್ಮ ಮುಖ ನೋಡಿ ನೋಡಿ ಸಾಕಾಗಿದೆ.’ ಫೋನು ಪ್ರೀತಿಯಿಂದ “ಸರಿ. ಹುಷಾರಾಗಿ ಹೋಗ್ಬನ್ನಿ” ಎಂದಿತು!

ಆದರೆ ನಿಜವಾದ ಅನಾಹುತ ತರಕಾರಿಯಿಂದಾಯಿತು. ಆ ದಿನಗಳಲ್ಲಿ ಮಾವ ನನಗೆ ಗಂಡು ಹುಡುಕುವ ಹುಮ್ಮಸ್ಸಿನಲ್ಲಿದ್ದರು. ಅದಕ್ಕೊಂದು ವಧೂವರರ ಆ್ಯಪ್ ಅತ್ತೆಯ ಫೋನಿನಲ್ಲಿತ್ತು. ಮಾವ ಅದಕ್ಕೂ ಒಂದು ಬಟನ್ ಇರಲಿ ಎಂದುಕೊಂಡು ಬಣ್ಣದ ತುಂಡುಗಳನ್ನು ಹಿಂದೆ ಮುಂದೆ ಎಳೆದಾಡಿದರು. ಎಳೆದಾಟದಲ್ಲಿ ತರಕಾರಿ ಬಟನ್ ಒತ್ತಿದರೆ ವಧೂವರರು ತೆರೆದುಕೊಳ್ಳುವಂತಾಯಿತು.

ಅತ್ತೆ ಕನ್ನಡಕ ಹಾಕಿರಲಿಲ್ಲ. ‘ನಾಳೆ ಹುಳಿ ಮಾಡೋದಕ್ಕೆ ಬೇಕು’ ಎಂದು ಕಾರಣ ಬರೆದು ಒಳಗೆ ಹೋದರು. ಪರದೆಯ ಮೇಲೆ ಉದ್ದಕ್ಕೆ, ಹಸಿರಾಗಿ ಏನೋ ಕಂಡಿತಂತೆ. ಸೋರೆಕಾಯಿ ಇರಬೇಕು ಎಂದುಕೊಂಡು ಕೆಳಗಿನ ಬಟನ್ ಒತ್ತಿದರು. ಅದು ಹಸಿರು ಜುಬ್ಬಾ ಹಾಕಿಕೊಂಡು ನಿಂತಿದ್ದ ತಿಲಕ್ ನಗರದ ಹುಡುಗ!

ಸ್ವಲ್ಪ ಹೊತ್ತಿಗೆ ಹುಡುಗನ ತಾಯಿಯ ಫೋನು ಬಂತು. ನಾನು ಅಲ್ಲೇ ಕಾಫಿ ಕುಡಿಯುತ್ತಾ ಕೂತಿದ್ದೆ. ಅತ್ತೆ ತರಕಾರಿಯವರೆಂದುಕೊಂಡು ಸ್ಪೀಕರ್ ಹಾಕಿದರು.

“ನಮಸ್ಕಾರ. ನಿಮ್ಮ ಕಡೆಯಿಂದ ಒಪ್ಪಿಗೆ ಬಂದಿತ್ತಲ್ಲ, ಅದಕ್ಕೇ ಫೋನ್ ಮಾಡ್ದೆ.”

“ಹೂಂ ಕಣಮ್ಮ. ಎಳೇದು ತಾನೆ?”

“ಆಂ? ಇಪ್ಪತ್ತೊಂಬತ್ತು.”

“ಇಪ್ಪತ್ತೊಂಬತ್ತಾ! ಕೇಜಿಗೋ, ಒಂದಕ್ಕೋ?”

“ನಮಗಿರೋದೇ ಒಬ್ಬ ಅಲ್ವಾ...”

“ಒಂದು ಸಾಕು ಬಿಡಿ, ಮನೇಲಿರೋದು ನಾವಿಬ್ಬರೇ. ಆದ್ರೆ ಬಲ್ತಿದ್ರೆ ವಾಪಸ್ ಕಳಿಸ್ತೀನಿ, ಮೊದ್ಲೇ ಹೇಳಿದ್ದೀನಿ. ಹೋದ ಸಲದ್ದು ಕುಯ್ದು ನೋಡಿದ್ರೆ ಒಳಗೆಲ್ಲ ಬರೀ ಬೀಜ!”

ಅತ್ತ ಕಡೆಯಿಂದ ಫೋನು ಕಟ್ಟಾಯಿತು. ನನ್ನ ಕಾಫಿ ಮೂಗಿಗೆ ಹತ್ತಿತ್ತು. ಆ ಸಂಬಂಧ ಅಲ್ಲಿಗೇ ಮುಗಿಯಿತೆಂದು ಬೇರೆ ಹೇಳಬೇಕೆ? ಮಾವನಿಗೆ ಮಾತ್ರ ಒಂದಿಷ್ಟೂ ಪಶ್ಚಾತ್ತಾಪವಿಲ್ಲ. “ಹೋದ್ರೆ ಹೋಗ್ಲಿ ಬಿಡು. ಒಂದು ಮಾತಿಗೇ ಫೋನ್ ಇಟ್ಟಳಲ್ಲ, ಅಂಥ ಅತ್ತೆ ನಿನಗ್ಯಾಕೆ?” ಎಂದರು.

ಇದಾಗಿ ಕೆಲವು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಅತ್ತೆ ಫೋನ್ ಮಾಡಿ, “ವಾಕಿಂಗಿಂದ ಬಂದೋರು ಗೇಟಿನ ಹತ್ರಾನೇ ಕೂತ್ಬಿಟ್ಟಿದ್ದಾರೆ ಕಣೇ, ಮೈಯೆಲ್ಲ ಬೆವರು” ಎಂದರು. ಜೆ.ಪಿ. ನಗರದ ನನ್ನ ಮನೆಯಿಂದ ಆಟೋ ಹಿಡಿದು ಓಡಿದೆ. ಮಾವ ಗೇಟಿಗೆ ಒರಗಿಕೊಂಡು ಕೂತಿದ್ದರು. ಮುಖ ಬಿಳಿಚಿಕೊಂಡು, ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿನ ತನಕ ಇಳಿದಿತ್ತು. ಅಂಥದ್ದರಲ್ಲೂ ನನ್ನನ್ನು ನೋಡಿ, “ನೀನ್ಯಾಕೆ ಬಂದೆ?” ಎಂದರು.

“ಜಾಗಿಂಗ್ ಹೊರಟಿದ್ದೆ ಮಾವ. ಏಳಿ.”

ನಗಲು ಹೋಗಿ ಎದೆ ಹಿಡಿದುಕೊಂಡರು. ಆಗ ನನಗೂ ಹೆದರಿಕೆಯಾಯಿತು.

ಜಯನಗರದ ಆಸ್ಪತ್ರೆಯೊಂದರಲ್ಲಿ ಸಿಬ್ಬಂದಿ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಒಳಗೆ ಹೋದರು. ಬಾಗಿಲು ಮುಚ್ಚಿತು. ಕೌಂಟರಿನ ಹುಡುಗಿ, “ಮೇಡಂ, ಇನ್ಶೂರೆನ್ಸ್ ಕಾರ್ಡ್ ತೋರಿಸ್ತೀರಾ?” ಎಂದಳು. ಕಾರ್ಡು ಅತ್ತೆಯ ಫೋನಿನ ಒಂದು ಆ್ಯಪಿನಲ್ಲಿತ್ತು. ಅತ್ತೆ ಫೋನು ತೆಗೆದು ‘ಆಸ್ಪತ್ರೆ’ ಬಟನ್ ಒತ್ತಿದರು.

“ಯಾಕೆ? ಏನ್ ಕೆಲಸ?”

ಕೌಂಟರಿನ ಸುತ್ತ ನಿಂತವರೆಲ್ಲ ತಿರುಗಿ ನೋಡಿದರು. ಅದೇ ಗಡಸು, ಅದೇ ಗದರಿಕೆ. ಮುಚ್ಚಿದ ಬಾಗಿಲಿನ ಆಚೆ ಮಲಗಿದ್ದ ಮನುಷ್ಯ ಇಲ್ಲೇ ಪಕ್ಕದಲ್ಲಿ ನಿಂತು ಕೇಳಿದ ಹಾಗಿತ್ತು. ಕಾರಣ ಬರೆಯಬೇಕು ಎನ್ನುವುದು ಅತ್ತೆಗೆ ಮರೆತೇಹೋಯಿತು. ಫೋನನ್ನು ಮುಖದ ಹತ್ತಿರ ಹಿಡಿದು ಬಾಯಲ್ಲೇ ಹೇಳತೊಡಗಿದರು.

“ನಿಮಗೇ ರೀ, ಹುಷಾರಿಲ್ಲ. ಒಳಗೆ ಕರ್ಕೊಂಡು ಹೋಗಿದ್ದಾರೆ. ನನ್ನನ್ನ ಬಿಡ್ತಿಲ್ಲ. ಬೇಗ ತೆಗೀರಿ, ದಮ್ಮಯ್ಯ.”

ನಾನು ಫೋನು ಈಸಿಕೊಂಡೆ. ಬೇಕಾಗಿದ್ದರೆ ಆ ಕಾರ್ಡಿನ ಆ್ಯಪನ್ನು ಹುಡುಕಿ ನೇರವಾಗಿಯೇ ತೆರೆಯಬಹುದಿತ್ತು. ಯಾಕೋ ಮನಸ್ಸಾಗಲಿಲ್ಲ. ಅತ್ತೆ ಹೇಳಿದ್ದನ್ನು ಹಾಗೆಯೇ ಚೌಕದಲ್ಲಿ ಬರೆದೆ. ‘ನಿಮಗೇ ಹುಷಾರಿಲ್ಲ. ಬೇಗ ತೆಗೀರಿ.’

“ಸರಿ. ಹುಷಾರಾಗಿ ಹೋಗ್ಬನ್ನಿ” ಎಂದಿತು ಫೋನು. ಅತ್ತೆ ಅಲ್ಲೇ ಇದ್ದ ಕುರ್ಚಿಯಲ್ಲಿ ಕುಸಿದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟರು. ಕೌಂಟರಿನ ಹುಡುಗಿ ಕಾರ್ಡಿನ ನಂಬರು ಬರೆದುಕೊಳ್ಳುವುದನ್ನು ಬಿಟ್ಟು ಎದ್ದುಬಂದು, ಅವರಿಗೆ ಕುಡಿಯಲು ನೀರು ಕೊಟ್ಟಳು.

ಮಾವ ಉಳಿದುಕೊಂಡರು. ರಕ್ತನಾಳಕ್ಕೆ ಸ್ಟೆಂಟ್ ಹಾಕುವ ಮೊದಲು ಡಾಕ್ಟರನ್ನೂ “ಯಾಕೆ?” ಎಂದು ಕೇಳಿದರಂತೆ. ಪಾಪ, ಅವರು ಚಿತ್ರ ಬರೆದು ವಿವರಿಸಿದ ಮೇಲೆಯೇ ಮಾವ ಒಪ್ಪಿಗೆ ಕೊಟ್ಟರಂತೆ!

ಮನೆಗೆ ಬಂದ ಮೇಲೆ ಕೌಂಟರಿನ ಮುಂದೆ ನಡೆದದ್ದನ್ನು ನಾನು ಮಾವನಿಗೆ ಹೇಳಿದೆ. ಅವರು ಏನೂ ಕೇಳಲಿಲ್ಲ. ಅತ್ತೆಯನ್ನು ಕರೆದು ತಮ್ಮ ಫೋನನ್ನು ಅವರ ಬಾಯಿಯ ಹತ್ತಿರ ಹಿಡಿದರು.

“ನನ್ನ ಫೋನಲ್ಲಿ ಯಾರೂ ಮಾತಾಡಲ್ಲ. ಇದಕ್ಕೂ ‘ಯಾಕೆ’ ಹಾಕಿ, ನಿನ್ನ ಧ್ವನಿ ಇಡ್ತೀನಿ. ಏನಾದ್ರೂ ಹೇಳು.”

ಅತ್ತೆ ನಾಚಿಕೊಂಡು ನನ್ನ ಕಡೆ ನೋಡಿದರು. “ಏನ್ ಹೇಳ್ಲಿ ರೀ?”

“ಅಷ್ಟೇ. ಆಯ್ತು, ಹೋಗು.”

“ಅಯ್ಯೋ, ನಾನಿನ್ನೂ ಏನೂ ಹೇಳೇ ಇಲ್ಲ!”

“ಇದೇ ಇರಲಿ.”

ಮೊನ್ನೆ ಅವರ ಮನೆಗೆ ಹೋಗಿದ್ದೆ. ಅತ್ತೆ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಮಾವ ವರಾಂಡದಲ್ಲಿ ಕೂತು ಫೋನು ಹಿಡಿದುಕೊಂಡಿದ್ದರು. ಬ್ಯಾಂಕಿನ ಬಟನ್ ಒತ್ತಿದರು. “ಏನ್ ಹೇಳ್ಲಿ ರೀ?” ಎಂದಿತು. ಮಾವ ಏನನ್ನೂ ಬರೆಯಲಿಲ್ಲ. ಹಿಂದಿನ ಪರದೆಗೆ ವಾಪಸ್ ಬಂದು ಹಾಲಿನ ಬಟನ್ ಒತ್ತಿದರು. “ಏನ್ ಹೇಳ್ಲಿ ರೀ?” ಮತ್ತೆ ವಾಪಸ್ ಬಂದು ಆಟೋ ಒತ್ತಿದರು. ನಾನು ಬಂದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಚಪ್ಪಲಿ ಬಿಡದೆ, ಸದ್ದಾಗದಂತೆ ಗೇಟು ಮುಂದೆ ಮಾಡಿ ಒಂದು ಸುತ್ತು ನಡೆದು ಬರೋಣವೆಂದು ಹೊರಟೆ.